ಎಡಗೈಗೂ ಒಂದು ಕೆಲಸವಿತ್ತು

ಹದಿನೆಂಟು ವರ್ಷ ಬೇರೆಯವರ ಕೈಕಾಲು ಆಡಿಸುವ ಕೆಲಸ ಮಾಡಿದ ನಾನು ನನ್ನ ಸ್ವಂತ ಅಣ್ಣನ ಕೈ ಆಡಿಸಲಿಲ್ಲ. ವಾರಕ್ಕೆ ಎರಡು ಸಲ ಭದ್ರಾವತಿಗೆ ಹೋಗಿ ಆಡಿಸಬೇಕು ಎಂದು ನನಗೆ ಹೇಳಿದ್ದರು. ಹೋಗಲಿಲ್ಲ. ಹೋದೆ ಎಂದು ಹಾಳೆಯಲ್ಲಿ ಗುರುತು ಹಾಕಿದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವ ಧೈರ್ಯ ಬರುತ್ತದೆ.

ನಾನು ಓದಿದ್ದು ಏಳನೆಯ ಕ್ಲಾಸಿನವರೆಗೆ. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೋಣೆಯ ಆಯಾ ಆಗಿದ್ದೆ. ಈಗ ಅದೇ ಕೋಣೆಗೆ ಸೇರುತ್ತಿರುವ ಹುಡುಗಿಯರು ಗೋಪಾಳದ ನಮ್ಮ ಮನೆಗೆ ಬಂದು, "ಗಿರಿಜಕ್ಕ, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಬರೆದುಕೊಡಿ" ಎಂದು ಕೇಳಿದರು. ನೋಟ್‌ಬುಕ್ಕನ್ನೂ ಅವರೇ ತಂದುಕೊಟ್ಟರು. ಅವರಿಗಾಗಿ ಬರೆಯುತ್ತಿದ್ದೇನೆ.

ಯಜಮಾನರು ತೀರಿಕೊಂಡಾಗ ನನಗೆ ನಲವತ್ತು. ಅಣ್ಣ ಮಲ್ಲೇಶಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಎರಕದ ಕೆಲಸದವನು. ಮರಳಿನಲ್ಲಿ ಅಚ್ಚು ಮಾಡುವುದರಲ್ಲಿ ಅವನನ್ನು ಸರಿಗಟ್ಟುವವರು ಇರಲಿಲ್ಲ ಎಂದು ಜೊತೆಯವರು ಹೇಳುತ್ತಿದ್ದರು. ಪಾಳಿ ಮುಗಿಸಿ, ಸ್ನಾನ ಮಾಡಿ, ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು, ನನಗೊಂದು ಕೆಲಸ ಕೊಡಿ ಎಂದು ಮೂರು ತಿಂಗಳು ಆ ಆಸ್ಪತ್ರೆಯ ಆಫೀಸಿನ ಬಾಗಿಲಲ್ಲಿ ನಿಂತವನು ಅವನು. ಕೊನೆಗೆ ಮ್ಯಾನೇಜರೇ ಸಾಕಾಗಿ, "ನಿಮ್ಮ ತಂಗೀನ ಸೋಮವಾರ ಕಳಿಸ್ರೀ, ನಿಮ್ಮನ್ನ ಬಾಗಿಲಲ್ಲಿ ನೋಡೋದು ತಪ್ಪಿದ್ರೆ ಸಾಕು" ಅಂದರಂತೆ.

ಮೊದಲು ನೆಲ ಒರೆಸುವುದು, ಹಾಸಿಗೆ ಬದಲಿಸುವುದು. ಎರಡನೇ ವರ್ಷ ವ್ಯಾಯಾಮದ ಕೋಣೆಗೆ ಹಾಕಿದರು. ಗೋಡೆಗೆ ಒಂದು ರಾಟೆ, ಹಿಡಿದು ನಡೆಯಲು ಎರಡು ಕಬ್ಬಿಣದ ಕಂಬಿ, ಮರಳು ತುಂಬಿದ ಚೀಲಗಳು, ಮೇಣ ಕಾಯಿಸುವ ಡಬ್ಬ. ಆ ಮೇಣದ ವಾಸನೆ ಈಗಲೂ ಎಲ್ಲಾದರೂ ಬಂದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಆಗ ಲಕ್ವ ಹೊಡೆದವರಿಗೆ ಮಾಡುತ್ತಿದ್ದದ್ದು ಒಂದೇ, ಎಳೆಯುವುದು. ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು, "ಎಳಿಯಮ್ಮ, ಬಾವಿ ಹಗ್ಗ ಎಳ್ದ ಹಾಗೆ ಎಳಿ" ಅನ್ನುತ್ತಿದ್ದರು. ನಾನು ಎಳೆಯುತ್ತಿದ್ದೆ. ರವೀಂದ್ರನಗರದ ಒಬ್ಬ ನಿವೃತ್ತ ಗುಮಾಸ್ತರನ್ನು ಹಾಗೆಯೇ ಸೋತ ಕೈ ಹಿಡಿದು ಎಬ್ಬಿಸಿ ಕೂರಿಸಿದೆ. ಭುಜದ ಕೀಲು ಜಾರಿತು. ಮೂರು ತಿಂಗಳು ಒದ್ದಾಡಿದರು. ನಾನು ಅತ್ತಾಗ ಅವರೇ ಸಮಾಧಾನ ಹೇಳಿದರು: "ಬಿಡಮ್ಮ. ಕೈ ಒಂದು ಇದೆ ಅಂತ ನೋವಿನಿಂದಾದ್ರೂ ಗೊತ್ತಾಯ್ತಲ್ಲ." ಹುಡುಗಿಯರೇ, ಸೋತ ಕೈಯನ್ನು ಎಂದೂ ಎಳೆಯಬೇಡಿ. ಭುಜದ ಹಿಂದಿನ ಹಲಗೆಮೂಳೆಯ ಕೆಳಗೆ ಅಂಗೈ ಕೊಟ್ಟು ಎಬ್ಬಿಸಿ.

ಆಮೇಲೆ ವಸಂತಿ ಮೇಡಂ ಬಂದರು. ಫಿಸಿಯೋಥೆರಪಿ ಓದಿಕೊಂಡು ಬಂದವರು, ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವರು. ಎಳೆಯುವುದನ್ನು ನಿಲ್ಲಿಸಿದರು. ಒಂದು ದಿನ ದುರ್ಗಿಗುಡಿಯ ಟೈಲರ್ ಹನುಮಂತಪ್ಪನವರನ್ನು ಕೂರಿಸಿ, "ಕಣ್ಣು ಮುಚ್ಚಿ. ಬಲಗೈ ಎತ್ತಿದ ಹಾಗೆ ಮನಸ್ಸಲ್ಲೇ ಅಂದ್ಕೊಳ್ಳಿ. ಕೈ ಅಲ್ಲಾಡಿಸ್ಬೇಡಿ" ಅಂದರು. ಟೈಲರು ಒಂದು ಕಣ್ಣು ತೆರೆದರು. "ಮನಸ್ಸಲ್ಲೇ ಬ್ಲೌಸು ಹೊಲಿದ್ರೆ ಹೆಂಗಸ್ರೂ ಮನಸ್ಸಲ್ಲೇ ತೊಟ್ಕೋತಾರಾ ಮೇಡಂ?" ನಾನು ಮುಖಕ್ಕೆ ಸೆರಗು ಮುಚ್ಚಿಕೊಂಡು ಹೊರಗೆ ಓಡಿದೆ. ನಗು ತಡೆಯಲಾಗಲಿಲ್ಲ.

ಮೇಡಂ ನನ್ನನ್ನು ಕರೆದು ಬೈಯಲಿಲ್ಲ, ತಿಳಿಸಿ ಹೇಳಿದರು. "ಲಕ್ವ ಹೊಡೆಯೋದು ಕೈಗಲ್ಲ ಗಿರಿಜಮ್ಮ, ತಲೆಯಲ್ಲಿ ಕೈಗೆ ಅಪ್ಪಣೆ ಕೊಡೋ ಜಾಗಕ್ಕೆ. ಕೈ ಆಡಿಸೋವಾಗ ಕೆಲಸ ಮಾಡೋ ಜಾಗವೇ, ಆಡಿಸ್ತೀನಿ ಅಂತ ಅಂದ್ಕೊಳ್ಳೋವಾಗಲೂ ಬಹಳ ಮಟ್ಟಿಗೆ ಕೆಲಸ ಮಾಡುತ್ತೆ. ಕೈ ಏಳದೇ ಇದ್ರೂ ಆ ಜಾಗ ಅಪ್ಪಣೆ ಕೊಡೋದನ್ನ ಮರೀಬಾರ್ದು."

"ಮರೆತಿದೆಯೋ ಇಲ್ವೋ ಹೊರಗೆ ಹೇಗೆ ಗೊತ್ತಾಗುತ್ತೆ ಮೇಡಂ?"

"ಗೊತ್ತಾಗಲ್ಲ. ಅದಕ್ಕೇ ಇದು ನಂಬಿಕೆಯ ಕೆಲಸ. ಅವರು ನಿಜವಾಗಿ ಮಾಡ್ಬೇಕು, ನಾವು ನಿಜವಾಗಿ ಮಾಡಿಸ್ಬೇಕು."

ಆ ಮಾತು ಅಂದು ನನಗೆ ತಟ್ಟಲಿಲ್ಲ.

ಕೈ ಎತ್ತಿ, ಕೈ ಇಳಿಸಿ ಎಂದರೆ ರೋಗಿಗಳಿಗೆ ನಿದ್ದೆ ಬರುತ್ತಿತ್ತು. ಆಗ ಮೇಡಂ, ಅವರವರ ಕೈಗೆ ವರ್ಷಗಟ್ಟಲೆ ರೂಢಿಯಾದ ಕೆಲಸವನ್ನೇ ಅಂದುಕೊಳ್ಳಲಿ ಎಂದರು. ಯಾರ ಕೈ ಏನು ಮಾಡುತ್ತಿತ್ತು ಎಂದು ಕೇಳಿ ತಿಳಿದುಕೊಂಡು, ಪಕ್ಕದಲ್ಲಿ ಕೂತು ಆ ಕೆಲಸವನ್ನು ನಿಧಾನವಾಗಿ ಬಾಯಲ್ಲಿ ಹೇಳುತ್ತಾ ಹೋಗುವುದು ನನ್ನ ಪಾಲಿಗೆ ಬಂತು. ಹೆಂಗಸರಿಗೆ ರೊಟ್ಟಿ ತಟ್ಟುವುದು, ಅಡಿಕೆ ಸುಲಿಯುವುದು. ಡ್ರೈವರಿಗೆ ಗೇರು ಹಾಕುವುದು. ಇದು ನನಗೆ ಒಲಿಯಿತು. ಟೈಲರಿಗೆ, "ಕತ್ತರಿ ತಗೊಂಡ್ರಿ. ಹೆಬ್ಬೆಟ್ಟು ತೂರಿತು. ಕಬ್ಬಿಣ ತಣ್ಣಗಿದೆ. ಬಟ್ಟೆ ಅಂಚಿಗೆ ಬಂತು" ಎಂದು ಹೇಳುತ್ತಿದ್ದೆ. ಒಂದು ದಿನ ಅವರು ಕಣ್ಣು ಮುಚ್ಚಿಕೊಂಡೇ ಗದರಿದರು:

"ಏಯ್ ತಡಿ ಮಾರಾಯ್ತಿ! ಇನ್ನೂ ಸೀಮೆಸುಣ್ಣದಲ್ಲಿ ಗೀಟೇ ಎಳೆದಿಲ್ಲ, ಬಟ್ಟೆ ಹಾಳ್ಮಾಡ್ತೀಯಲ್ಲ!"

ಅವರು ನಿಜವಾಗಿ ಒಳಗೆ ಹೋಗಿದ್ದಾರೆ ಎಂದು ನನಗೆ ಗೊತ್ತಾದ ದಿನ ಅದು. ಆದರೆ ಎಲ್ಲರೂ ಹಾಗಲ್ಲ. ಒಬ್ಬ ಸಂಸ್ಕೃತ ಪಂಡಿತರು ಬರುತ್ತಿದ್ದರು, ಬರೆಯುವ ಕೈ ಹೋಗಿತ್ತು. ಬರೆಯುವುದನ್ನೇ ಮಾಡಿಸಿದೆ.

"ಆಗ್ತಿದೆಯಾ ಗುರುಗಳೇ?"

"ಆಗ್ತಿದೆ, ಆಗ್ತಿದೆ. ಚೆನ್ನಾಗಿ ಬರೀತಿದಾನೆ."

"ಯಾರು?"

"ಇನ್ಯಾರಮ್ಮ, ನಾನೇ. ಅಲ್ಲಿ ಕಿಟಕಿ ಹತ್ರ ಕೂತಿದಾನೆ ನೋಡು."

ಎರಡು ವಾರದಿಂದ ಅವರು ತಮ್ಮನ್ನು ತಾವೇ ದೂರದಿಂದ ನೋಡುತ್ತಾ ಕೂತಿದ್ದರು. ಮೇಡಂಗೆ ಹೇಳಿದೆ. ಅದು ಸಾಲದು, ಪೆನ್ನಿನ ಭಾರ ಬೆರಳಿಗೆ ತಿಳಿಯಬೇಕು, ಕಾಗದದ ಒರಟು ತಿಳಿಯಬೇಕು, ಒಳಗಿನಿಂದ ಆಗಬೇಕು ಎಂದರು. ಮತ್ತೆ ಮೊದಲಿನಿಂದ ಶುರು ಮಾಡಿದೆವು. ಇಷ್ಟೆಲ್ಲ ತಿಳಿದವಳು ನಾನು. ಅದನ್ನೇ ಹೇಳಲು ಇದನ್ನೆಲ್ಲ ಬರೆದೆ. ತಿಳಿಯದೆ ತಪ್ಪಿದವಳಲ್ಲ.

ಅಣ್ಣನಿಗೆ ಲಕ್ವ ಹೊಡೆದದ್ದು ಎರಡು ಸಾವಿರದ ಒಂದನೇ ಇಸವಿಯಲ್ಲಿ, ಅವನ ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಎಡಭಾಗ. ಮೂರು ವಾರ ನಮ್ಮ ಆಸ್ಪತ್ರೆಯಲ್ಲೇ ಇದ್ದ. ಮಾತು ಉಳಿಯಿತು, ಕಾಲು ನಿಧಾನವಾಗಿ ಬಂತು, ಎಡಗೈ ಮಾತ್ರ ಬರಲಿಲ್ಲ. ನೋಡಲು ಬಂದವರೆಲ್ಲ ಒಂದೇ ಮಾತು: "ಪುಣ್ಯ ಮಾಡಿದ್ದ, ಎಡಗೈ ಹೋಯ್ತು. ಬಲಗೈ ಉಳೀತಲ್ಲ." ನಾನೂ ಅದನ್ನೇ ಹೇಳಿದೆ.

ಮನೆಗೆ ಕಳಿಸುವಾಗ ಮೇಡಂ ನನಗೆ ಒಂದು ಹಾಳೆ ಕೊಟ್ಟರು. ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ. ಅರ್ಧ ಗಂಟೆ ಮುಷ್ಟಿ ಬಿಡಿಸಿ, ಬೆರಳು ನೀಡಿಸಿ, ಮಣಿಕಟ್ಟು ತಿರುಗಿಸುವುದು. ಇನ್ನರ್ಧ ಗಂಟೆ ಮನಸ್ಸಿನ ಅಭ್ಯಾಸ. ಮಾಡಿಸಿದ ದಿನ ಗೀಟು ಹಾಕುವುದು. ಅಣ್ಣನಿಗೆ ಮಕ್ಕಳಿಲ್ಲ. ನೀಲಮ್ಮ ಅತ್ತಿಗೆಗೆ ಬೆರಳುಗಳ ಕೀಲುನೋವು, ಬಿಗಿದ ಮುಷ್ಟಿ ಬಿಡಿಸುವ ಬಲ ಅವರಲ್ಲಿ ಇರಲಿಲ್ಲ. ನಾನೇ ಹೋಗಬೇಕಿತ್ತು.

ನಾಲ್ಕು ಸಲ ಹೋದೆ. ಕಾರ್ಖಾನೆಯ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಅಣ್ಣನನ್ನು ಕೂರಿಸಿ, ಒಳಗಿನಿಂದ ಹೇಗೆ ಅಂದುಕೊಳ್ಳಬೇಕು ಎಂದು ಹೇಳಿಕೊಟ್ಟೆ. ಆಮೇಲೆ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದೆ. "ಎಡಗೈಯಲ್ಲಿ ಏನು ಕೆಲಸ ಮಾಡ್ತಿದ್ದೆ ಅಣ್ಣ?"

ಅಣ್ಣ ಯೋಚಿಸಿದ. "ಕರಣೆ ಬಲಗೈಲಿ. ಮರಳು ಗುದ್ದೋದು ಬಲಗೈಲಿ. ಎಡಗೈ ಸುಮ್ನೆ ಆಧಾರಕ್ಕೆ ಇರ್ತಿತ್ತು. ಆದ್ರೆ ಗಿರಿ, ಒಂದು ಕೆಲಸ..."

ನನಗೆ ಬಸ್ಸಿನ ಹೊತ್ತಾಗಿತ್ತು. "ಬಿಡಣ್ಣ, ಎಡಗೈ ತಾನೆ" ಅಂದೆ. "ಉಣ್ಣೋಕೆ, ಸಹಿ ಹಾಕೋಕೆ ಬಲಗೈ ಇದೆಯಲ್ಲ. ಸುಮ್ನೆ ಕೈ ಎತ್ತಿದ ಹಾಗೆ ಅಂದ್ಕೊ ಸಾಕು."

ಅಣ್ಣ ಮುಂದೆ ಆ ಕೈಯ ಮಾತನ್ನೇ ಎತ್ತಲಿಲ್ಲ.

ಐದನೆಯ ಸಲ ಹೋಗಲಿಲ್ಲ. ಕಾರಣ ಕೇಳಿದರೆ ದೊಡ್ಡದೇನೂ ಇಲ್ಲ. ವಾರವಿಡೀ ಬೇರೆಯವರ ಮುಷ್ಟಿ ಬಿಡಿಸಿ ಭಾನುವಾರ ಮತ್ತೊಂದು ಮುಷ್ಟಿ ಬೇಡವೆನಿಸುತ್ತಿತ್ತು. ಬಟ್ಟೆ ಒಗೆಯುವುದಿರುತ್ತಿತ್ತು. ಟೈಲರಿಗೆ ಬಲಗೈ ಇಲ್ಲದಿದ್ದರೆ ಅಂಗಡಿಯೇ ಇಲ್ಲ, ಅಣ್ಣನಿಗೇನು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ತಿಂಗಳ ಕೊನೆಗೆ ಮೇಡಂ ಹಾಳೆ ಕೇಳಿದರು. ಊಟದ ಕೋಣೆಯಲ್ಲಿ ಕೂತು ಉಳಿದ ನಾಲ್ಕು ಗೀಟು ಎಳೆದೆ. ಒಂದೇ ಪೆನ್ನಾದರೆ ಗೊತ್ತಾಗುತ್ತದೆಂದು ಎರಡು ಪೆನ್ನು ಬಳಸಿದೆ. ಅಣ್ಣನಿಗೆ ಕೈ ಬರಲಿ ಎಂಬ ಆಸೆ ಇರಲಿಲ್ಲವೆಂದಲ್ಲ. ನಾನು ಹೋಗದೆಯೂ ಬರಲಿ ಎಂಬ ಆಸೆ ಇತ್ತು. ಹಬ್ಬಕ್ಕೆ ಹೋದಾಗ ಉಂಡು, ಮಾತಾಡಿ ಬರುತ್ತಿದ್ದೆ. ಅಣ್ಣ ಎಡಗೈಯನ್ನು ಟವಲಿನ ಕೆಳಗೆ ಇಟ್ಟುಕೊಂಡಿರುತ್ತಿದ್ದ. ನಾನು ಟವಲು ತೆಗೆಯಲಿಲ್ಲ. ಹೀಗೆ ಎರಡು ವರ್ಷ.

ಆಗ ಹೊರಗಿನ ಕಾಲೇಜೊಂದರಿಂದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಯಂತ್ರ ತೆಗೆದುಕೊಂಡು ಬಂದರು. ತಂತಿಗಳು ತುಂಬಿದ ಟೋಪಿ, ಅದಕ್ಕೊಂದು ಕಂಪ್ಯೂಟರು. ನಾವೆಲ್ಲ ಅವರನ್ನು ಟೋಪಿ ಡಾಕ್ಟರು ಎಂದೇ ಕರೆಯುತ್ತಿದ್ದೆವು. ಲಕ್ವ ಹೊಡೆದವರು ಕೈ ಆಡಿಸಿದಂತೆ ಅಂದುಕೊಂಡಾಗ ತಲೆಯಲ್ಲಿ ಏನಾಗುತ್ತದೆ ಎಂದು ನೋಡುವುದು ಅವರ ಕೆಲಸ. ರೋಗಿಯ ಕೂದಲು ತೊಳೆದು, ಅಂಟು ಹಚ್ಚಿ, ಟೋಪಿ ತೊಡಿಸುವುದು ನನ್ನ ಕೆಲಸ.

ಚೆನ್ನಾಗಿ ಅಭ್ಯಾಸ ಮಾಡಿದವರು ಬೇಕು ಎಂದು ಡಾಕ್ಟರು ಹಾಳೆಗಳನ್ನು ತರಿಸಿಕೊಂಡರು. ಒಂದು ವಾರವೂ ತಪ್ಪದ ಹಾಳೆ ಒಂದೇ ಇತ್ತು. "ಭದ್ರಾವತಿ ಮಲ್ಲೇಶಪ್ಪ. ಇವರು ಬೇಕೇ ಬೇಕು ಮೇಡಂ" ಎಂದರು. ನನ್ನ ಕೈಯಲ್ಲಿದ್ದ ಅಂಟಿನ ಡಬ್ಬ ಬಿತ್ತು.

ಅಣ್ಣ ಬಂದ. ಅತ್ತಿಗೆಯೂ ಜೊತೆಗೆ. ಡಾಕ್ಟರು ನನ್ನೆದುರಿಗೇ ಕೇಳಿದರು. "ತಂಗಿ ವಾರಕ್ಕೆ ಎಷ್ಟು ಸಲ ಬರ್ತಿದ್ರು?"

ಅಣ್ಣ ನನ್ನ ಕಡೆ ನೋಡಲಿಲ್ಲ. "ಎರಡು ಸಲ ಸಾರ್. ತಪ್ಪಿಸ್ತಿರ್ಲಿಲ್ಲ." ಅತ್ತಿಗೆ ತಲೆ ತಗ್ಗಿಸಿದರು.

ಅವನ ಕೂದಲು ತೊಳೆದು, ಅಂಟು ಹಚ್ಚಿ ಟೋಪಿ ತೊಡಿಸಿದೆ. ಮೊದಲು ಗಂಟೆ ಸದ್ದು ಬಂದಾಗಲೆಲ್ಲ ಎಡಗೈ ಎತ್ತಿದ ಹಾಗೆ ಅಂದುಕೊಳ್ಳಬೇಕು. ಅದಾಯಿತು. ಎರಡನೆಯ ಸುತ್ತಿಗೆ ಆ ಕೈಯ ರೂಢಿಯ ಕೆಲಸ. "ಯಾವುದು ನಿಮ್ಮದು?" ಎಂದು ಡಾಕ್ಟರು ಪೆನ್ನು ಹಿಡಿದರು.

"ಒಂದಿದೆ ಸಾರ್. ಮಾಡ್ತೀನಿ. ಹೇಳೋದು ಬೇಡ."

"ಹೇಳದಿದ್ರೆ ನಾನೇನು ಬರ್ಕೊಳ್ಳಲಿ ಮಾರಾಯ್ರೇ?"

ಅಣ್ಣ, "ಪೂಜೆ ಅಂತ ಬರ್ಕೊಳ್ಳಿ" ಅಂದ.

ನಮ್ಮಲ್ಲಿ ಸ್ನಾನವಾದ ಮೇಲೆ ಕೊರಳಲ್ಲಿರುವ ಬೆಳ್ಳಿಯ ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತೇವೆ. ವಿಭೂತಿ ಹಚ್ಚುವುದು, ಪತ್ರೆ ಏರಿಸುವುದು ಬಲಗೈ. ಎಡಗೈ ಏನೂ ಮಾಡುವುದಿಲ್ಲ. ಎದೆಯ ಮಟ್ಟಕ್ಕೆ ಬಂದು, ಮೇಲ್ಮುಖವಾಗಿ, ಬೆರಳು ಬಿಚ್ಚಿಕೊಂಡು, ಅಲುಗಾಡದೆ ಇರುತ್ತದೆ. ಅದು ಆಗದೆ ಅಣ್ಣ ನೀರೂ ಕುಡಿಯುತ್ತಿರಲಿಲ್ಲ. ನಾನೂ ಅದೇ ಮನೆಯಲ್ಲಿ ಹುಟ್ಟಿದವಳು. ಅಂದು ಬೆಳಿಗ್ಗೆಯೂ ಇದೇ ಎಡಗೈ ನೀಡಿ ಪೂಜೆ ಮಾಡಿಕೊಂಡು ಬಂದಿದ್ದೆ. ಊರಿನವರ ಕೈಗಳಿಗೆಲ್ಲ ಕೆಲಸ ಹುಡುಕಿಕೊಟ್ಟವಳಿಗೆ ಅದು ಹೊಳೆಯಲಿಲ್ಲ.

ಹೊರಗೆ ಬೆಂಚಿನ ಮೇಲೆ ಅತ್ತಿಗೆಯನ್ನು ಕೇಳಿದೆ. "ಎರಡು ವರ್ಷದಿಂದ ಕರಡಿಗೆ ಕಣ್ಣಿಗೊತ್ತಿಕೊಂಡು ಊಟಕ್ಕೆ ಕೂರ್ತಾರೆ ಕಣೇ" ಅಂದರು. "ನಾನು ಕೈ ಹಿಡ್ಕೋತೀನಿ ಅಂದೆ. ನನ್ನ ಬೆರಳಿಗೆ ಬಲ ಎಲ್ಲಿದೆ? ಬೆಳಿಗ್ಗೆ ಕಣ್ಣು ಮುಚ್ಕೊಂಡು ಕೂತ್ಬಿಡ್ತಾರೆ. ಗಿರಿ ಹೇಳ್ಕೊಟ್ಟ ಹಾಗೆ ಒಳಗೇ ಮಾಡ್ಕೋತಿದೀನಿ ಅಂತಾರೆ. ನಿಂಗೆ ಹೇಳ್ಬೇಡ ಅಂದಿದ್ರು."

ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಅಣ್ಣನನ್ನು ಕೇಳಿದೆ. "ಯಾಕಣ್ಣ ಸುಳ್ಳು ಹೇಳಿದೆ?"

"ಕೆಲಸ ಕೊಡ್ಸಿದೋನು ನಾನು. ಕಳೆಯೋಕೂ ನಾನೇ ಬೇಕಾ? ನಡಿ ಮಾರಾಯ್ತಿ, ಸೀಟು ಹಿಡಿ, ನಿಂತ್ಕೊಂಡು ಹೋಗೋಕೆ ನನಗಾಗಲ್ಲ." ಅವನು ನಕ್ಕ. ತಪ್ಪಾಯಿತು ಎಂಬ ಮಾತು ನನ್ನ ನಾಲಿಗೆಯವರೆಗೆ ಬಂದಿತ್ತು. ಆ ನಗು ಕಂಡು ಒಳಗೇ ಇಳಿಯಿತು. ಸೀಟು ಹಿಡಿಯಲು ಓಡಿದೆ.

ಹತ್ತು ದಿನದ ಮೇಲೆ ಡಾಕ್ಟರು ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿದ ಚಿತ್ರಗಳನ್ನು ತಂದು ಮೇಡಂ ಮೇಜಿನ ಮೇಲೆ ಹರಡಿದರು. ನನಗೂ ತೋರಿಸಿದರು. "ಎಡಗೈಯನ್ನ ಆಳೋದು ಮುಖ್ಯವಾಗಿ ತಲೆಯ ಬಲಭಾಗ. ಸುಮ್ನೆ ಕೂತಾಗ ಅಲ್ಲಿ ಒಂದು ಅಲೆ ಏಳ್ತಾ ಇರುತ್ತೆ, ಮೇಷ್ಟ್ರಿಲ್ಲದ ಕ್ಲಾಸಿನ ಗಲಾಟೆ ಥರ. ಕೈ ಆಡಿಸಿದ್ರೂ, ಆಡಿಸ್ತೀನಿ ಅಂದ್ಕೊಂಡ್ರೂ ಮೇಷ್ಟ್ರು ಬಂದ ಹಾಗೆ ಅಲೆ ತಗ್ಗುತ್ತೆ. ಲಕ್ವ ಹೊಡೆದ ಮೇಲೆ ಪೆಟ್ಟು ಬಿದ್ದ ಕಡೆ ಅದು ಸರಿಯಾಗಿ ತಗ್ಗದೇ ಇರ್ಬಹುದು. ಕೆಲವರಲ್ಲಿ ಸರಿಯಿರೋ ಕಡೆಯೇ ಹೆಚ್ಚು ಕೆಲಸ ಮಾಡುತ್ತೆ. ನೋಡಿ, ಕೈ ಎತ್ತಿ ಅಂದಾಗ ಇವರದ್ದೂ ಹಾಗೇ. ಆದ್ರೆ ಪೂಜೆ ಅಂದ್ಕೊಂಡಾಗ..." ಅವರು ಇನ್ನೊಂದು ಚಿತ್ರ ಮುಂದೆ ತಳ್ಳಿದರು. ಪೆಟ್ಟು ಬಿದ್ದ ಬಲಗಡೆಯೇ ಅಲೆ ತಗ್ಗಿತ್ತು. "ಒಬ್ಬರದ್ದು ನೋಡಿ ಏನೂ ತೀರ್ಮಾನ ಮಾಡೋಕಾಗಲ್ಲ. ಆದ್ರೆ ಈ ಮನುಷ್ಯ ಒಳಗೆ ಕೈ ಬಿಟ್ಟಿಲ್ಲ."

ಆಮೇಲೆ ಅವರು ಹುಬ್ಬು ಗಂಟಿಕ್ಕಿದರು. "ಒಂದೇ ಅರ್ಥ ಆಗ್ತಿಲ್ಲ ಮೇಡಂ. ಹಾಳೆ ಪ್ರಕಾರ ಎರಡು ವರ್ಷ ವಾರಕ್ಕೆರಡು ಸಲ ಮುಷ್ಟಿ ಬಿಡಿಸಿದ್ದಾರೆ. ಮಣಿಕಟ್ಟು ನೋಡಿದ್ರೆ ಮರದ ಕೊರಡಾಗಿದೆ. ಒಳಗೆ ಇಷ್ಟು ಉಳಿದಿರೋವಾಗ ಹೊರಗೆ ಯಾರಾದ್ರೂ ಬಿಡಿಸ್ತಾ ಇದ್ದಿದ್ರೆ ಒಂದಿಷ್ಟು ಬರ್ತಿತ್ತೇನೋ."

ಮೇಡಂ ನನ್ನ ಕಡೆ ನೋಡಿದರು. ನಿಂತಲ್ಲೇ ಹೇಳಿಬಿಟ್ಟೆ. ನಾಲ್ಕು ಸಲ ಮಾತ್ರ ನಿಜ, ಉಳಿದ ಗೀಟೆಲ್ಲ ಸುಳ್ಳು ಎಂದೆ. ಡಾಕ್ಟರು ತಮ್ಮ ಪಟ್ಟಿಯಲ್ಲಿದ್ದ ಅಣ್ಣನ ಹೆಸರಿನ ಮೇಲೆ ಅಡ್ಡಗೆರೆ ಎಳೆದು ಚಿತ್ರಗಳನ್ನು ಮಡಚಿದರು. ಮೇಡಂ ಅಣ್ಣನ ಹಾಳೆಯನ್ನು ಕೈಗೆತ್ತಿಕೊಂಡರು. "ಈ ಹಾಳೆ ತೋರಿಸಿ ನಾನು ಎಷ್ಟು ಜನಕ್ಕೆ ಹೇಳಿದೀನಿ ಗೊತ್ತಾ ಗಿರಿಜಮ್ಮ? ಅಭ್ಯಾಸ ಮಾಡಿದ್ರೂ ಕೆಲವರಿಗೆ ಕೈ ಬರಲ್ಲ, ಬೇಜಾರು ಮಾಡ್ಕೋಬೇಡಿ ಅಂತ." ಕೆಲಸದಿಂದ ತೆಗೆಯಲಿಲ್ಲ. ಆದರೆ ಒಂದು ವರ್ಷ ಯಾವ ಹಾಳೆಯನ್ನೂ ನನ್ನ ಕೈಗೆ ಕೊಡಲಿಲ್ಲ. ಸರಿಯಾಗಿಯೇ ಮಾಡಿದರು. ನಿಮಗೂ ಹೇಳುತ್ತೇನೆ, ಮಾಡಿಸದ ದಿನ ಗೀಟು ಹಾಕಬೇಡಿ. ಬಯ್ಯಿಸಿಕೊಳ್ಳಿ, ಖಾಲಿ ಬಿಡಿ.

ಮುಂದಿನ ಭಾನುವಾರದಿಂದ ಭದ್ರಾವತಿಗೆ ಹೋಗತೊಡಗಿದೆ. ಬಿಸಿನೀರಿನ ಬಟ್ಟೆ ಸುತ್ತಿ, ಮೊದಲು ಹೆಬ್ಬೆಟ್ಟು, ಆಮೇಲೆ ಒಂದೊಂದೇ ಬೆರಳು. ಅಣ್ಣ ಹಲ್ಲು ಕಚ್ಚುತ್ತಿದ್ದ. ನಡುವೆ ತಮಾಷೆ ಮಾಡುತ್ತಿದ್ದ: "ಎರಕದ ಕಬ್ಬಿಣ ಕಣೇ ಇದು, ಕಾಯಿಸದೆ ಬಗ್ಗಿಸ್ತೀಯಲ್ಲ." ಅಣ್ಣ ನಿವೃತ್ತನಾಗಿ ಆಗಲೇ ವರ್ಷವಾಗಿತ್ತು, ಅವರು ಕ್ವಾರ್ಟರ್ಸ್ ಬಿಟ್ಟು ಬಾಡಿಗೆ ಮನೆಗೆ ಹೋದರು. ನಾನು ಅಲ್ಲಿಗೂ ಹೋದೆ. ಐದು ವರ್ಷದಲ್ಲಿ ಬೆರಳುಗಳು ಅರ್ಧದಷ್ಟು ಬಿಚ್ಚಿಕೊಂಡವು, ಅಂಗೈ ಮುಕ್ಕಾಲು ಪಾಲು ಮೇಲಕ್ಕೆ ತಿರುಗಿತು. ಆದರೆ ಇಟ್ಟದ್ದು ನಿಲ್ಲುವಷ್ಟು ಅದು ಎಂದೂ ಸಮವಾಗಲಿಲ್ಲ. ಮೊದಲ ಎರಡು ವರ್ಷ ನಾನು ಬಂದಿದ್ದರೆ ಎಂಬುದನ್ನು ನಾವಿಬ್ಬರೂ ಒಮ್ಮೆಯೂ ಬಾಯಿಬಿಟ್ಟು ಆಡಲಿಲ್ಲ. ಅವನು ಬೆರಳುಗಳನ್ನೇ ನೋಡುತ್ತಿದ್ದ, ನಾನೂ ಅವನ್ನೇ ನೋಡುತ್ತಿದ್ದೆ. ಚಿಕ್ಕಂದಿನಲ್ಲಿ ಬೆಳಿಗ್ಗೆ ಎದ್ದರೆ ಕಾಣುತ್ತಿದ್ದದ್ದು ಕಿಟಕಿಯ ಬಿಸಿಲಲ್ಲಿ ನೀಡಿ ಹಿಡಿದ ಅವನ ಆ ಅಂಗೈ. ಅದು ಮತ್ತೆ ಹಾಗೆ ಕಾಣಬೇಕು ಎಂದು ನಾನು ಪಟ್ಟಷ್ಟು ಆಸೆ ಬೇರೆ ಯಾವುದಕ್ಕೂ ಪಟ್ಟಿಲ್ಲ.

ನಾನು ನಿವೃತ್ತಳಾದ ಮರುವಾರ, ಭಾನುವಾರಕ್ಕೆ ಕಾಯದೆ ಬೆಳಗಿನ ಬಸ್ಸಿಗೇ ಹೋದೆ. ಭಾನುವಾರಗಳಲ್ಲಿ ನಾನು ತಲುಪುವಷ್ಟರಲ್ಲಿ ಅವನ ಪೂಜೆಯ ಹೊತ್ತು ಮುಗಿದಿರುತ್ತಿತ್ತು. ಅಣ್ಣ ಸ್ನಾನ ಮಾಡಿ ಮಣೆಯ ಮೇಲೆ ಕೂತಿದ್ದ. ಎಂದಿನಂತೆ ಕಣ್ಣು ಮುಚ್ಚಿಕೊಳ್ಳುವವನಿದ್ದ. ನಾನು ಕಾಲು ತೊಳೆದುಕೊಂಡು ಬಂದು ಎದುರಿಗೆ ಕೂತು, ಅವನ ಎಡಗೈಯ ಕೆಳಗೆ ನನ್ನ ಎರಡೂ ಅಂಗೈ ಕೊಟ್ಟೆ. ಎದೆಯ ಮಟ್ಟಕ್ಕೆ ಎತ್ತಿ, ಮಣಿಕಟ್ಟು ತಿರುಗಿಸಿ, ಬೆರಳುಗಳನ್ನು ನನ್ನ ಬೆರಳಿನಿಂದ ಹಿಡಿದು ಬಿಡಿಸಿದೆ. ಅಂಗೈ ಸಮವಾಯಿತು. ಅಣ್ಣ ನನ್ನ ಮುಖ ನೋಡಿದ. ಬಲಗೈಯಿಂದ ಕರಡಿಗೆ ತೆರೆದು ಲಿಂಗವನ್ನು ಅಲ್ಲಿ ಇಟ್ಟ. ನಿಂತಿತು. ವಿಭೂತಿ ಹಚ್ಚಿದ, ಪತ್ರೆ ಇಟ್ಟ. ಅವನ ಕೈಯ ಭಾರವೆಲ್ಲ ನನ್ನ ಕೈ ಮೇಲಿತ್ತು, ತೋಳು ನಡುಗತೊಡಗಿತು. ಬಿಡಲಿಲ್ಲ. ಪೂಜೆ ಮುಗಿದು ಲಿಂಗ ಕರಡಿಗೆ ಸೇರಿದ ಮೇಲೂ ಬಿಡಲಿಲ್ಲ.

"ಆಯ್ತಲ್ಲ, ಬಿಡು ಗಿರಿ. ಕೈ ನೋಯುತ್ತೆ ನಿಂಗೆ."

"ಅಣ್ಣ, ನಿನ್ನ ಕೈಗೆ ಕೆಲಸ ಇದೆ ಅಂತ ನೀನು ಹೇಳೋಕೆ ಬಂದೆ, ನಾನು ಕೇಳ್ಲಿಲ್ಲ. ಬರ್ಬೇಕಾಗಿತ್ತು, ಬರ್ಲಿಲ್ಲ. ಬಂದೆ ಅಂತ ಸುಳ್ಳು ಗೀಟು ಹಾಕ್ದೆ. ಇಷ್ಟು ದಿನ ನಿನ್ನ ಪೂಜೆ ತಪ್ಪಿಸಿದೋಳು ನಾನು. ತಪ್ಪಾಯ್ತು ಅಣ್ಣ."